ಗಾಡಿ ಕೆಳಗಿನ ಸ್ಪ್ರಿಂಗು, ಮನಿ ಅಂಗಳದ ಕೆಲಸ



ಈಗ ಯಾರ ಮನಿಗೆ ಹೋದ್ರೂ ಒಂದು ಸುದ್ದಿ ಇದ್ದದ್ದ. ಮಗಾ ಗಾಡಿಗೆ ಏನೋ ತರಿಸ್ಯಾನ. ಉದ್ದನ್ನ ಡಬ್ಬಿ ಬಂದಿರ್ತದ, ಎತ್ತಲಿಕ್ಕೆ ಹೋದ್ರ ಕೈ ಸೋಲ್ತದ. ಒಳಗ ಕೆಂಪು ಇಲ್ಲಾ ಹಳದಿ ಬಣ್ಣದ ದಪ್ಪನ್ನ ಸ್ಪ್ರಿಂಗು, ಕೊಳವಿ ಹಂಗಿರೋ ಶಾಕಪ್. "ಗ್ಯಾರೇಜಿಗೆ ಯಾಕ ರೊಕ್ಕಾ ಕೊಡೋದು, ರವಿವಾರ ನಾನ ಹಾಕ್ತೀನಿ" ಅಂತಾನ. ನಾವು "ಹುಷಾರಪಾ" ಅಂತ ಒಂದು ಮಾತು ಅಂದು ಒಳಗ ಹೋಗಿ ಒಲಿ ಮುಂದ ನಿಲ್ತೀವಿ. ಯಾವುದಕ್ಕ ಹುಷಾರ ಇರಬೇಕು ಅನ್ನೋದು ನಮಗೂ ಗೊತ್ತಿದ್ರ ಆ ಮಾತಿಗೆ ತೂಕ ಬರ್ತದ. ಅದಕ್ಕ ಈ ಸಲ ಗಾಡಿ ಸ್ಪ್ರಿಂಗಿನ ಇತಿಹಾಸ ಬರೀಲಿಕತ್ತೀನಿ. ಇದು ಕಂಪನಿಗಳ ಇತಿಹಾಸ ಅಷ್ಟ ಅಲ್ಲ. ಶಾಕಪ್ ಅನ್ನೋದು ಗಾಡಿಗೆ ಬಂದದ್ದ ಮನಿ ಅಂಗಳದ ದಾರಿಯಿಂದ. ಮೊದಲ ಮಂದಿ ತಾವು ಕೊಂಡು ತಾವು ಹಚ್ಚಿದ್ರು, ಆಮ್ಯಾಲೆ ಕಂಪನಿಯವ್ರು ಹಚ್ಚಿ ಕೊಡಲಿಕ್ಕೆ ಸುರು ಮಾಡಿದ್ರು. ಆದ್ರ ನಡುವ ಸ್ಪ್ರಿಂಗಿನ ರೂಪ ಬದಲಾತು. ಅಜ್ಜನ ಕಾಲದಾಗ ಅಂಗಳದಾಗ ಮಾಡೋ ಕೆಲಸ, ಮೊಮ್ಮಗನ ಕಾಲಕ್ಕ ಜೀವಕ್ಕ ಧಕ್ಕಿ ತರೋ ಕೆಲಸ ಆತು. ಅದು ಹೆಂಗಾತು ಅಂತ ಹೇಳ್ತೀನಿ.

ಮೊದಲ ಒಂದು ಮಾತು ಬಿಡಿಸಿ ಹೇಳಿಬಿಡ್ತೀನಿ. ಗಾಡಿ ಕೆಳಗ ಎರಡು ಬ್ಯಾರೆ ಬ್ಯಾರೆ ಸಾಮಾನು ಇರ್ತಾವ. ಒಂದು ಸ್ಪ್ರಿಂಗು. ರಸ್ತೆದಾಗ ತೆಗ್ಗು ಬಂತಂದ್ರ ಆ ಧಕ್ಕಿ ತಾನು ನುಂಗಿ ಒಳಗ ಇಟ್ಕೋತದ. ಆದ್ರ ಇಟ್ಕೊಂಡದ್ದನ್ನ ಸುಮ್ನ ಇಟ್ಕೊಂಡು ಕೂಡೂದಿಲ್ಲ, ತಿರುಗಿ ಕೊಡ್ತದ. ತೊಟ್ಟಲಾ ಒಮ್ಮೆ ತೂಗಿ ಬಿಟ್ರ ಎಷ್ಟೊತ್ತನಕಾ ತಾನ ತೂಗ್ತಿರ್ತದ ನೋಡ್ರಿ, ಹಂಗ ಗಾಡೀನೂ ಮ್ಯಾಲೆ ಕೆಳಗ ಕುಣೀತಿರ್ತದ. ಆ ಕುಣಿತ ನಿಲ್ಲಸಲಿಕ್ಕೆ ಇರೋದು ಎರಡನೇ ಸಾಮಾನು, ಶಾಕ್ ಅಬ್ಸಾರ್ಬರ್. ಗ್ಯಾರೇಜಿನವರ ಬಾಯಾಗ ಶಾಕಪ್. ಈಗಿನ ಶಾಕಪ್ಪಿನ ಕೊಳವಿ ಒಳಗ ಎಣ್ಣಿ ಇರ್ತದ. ಗಾಲಿ ಮ್ಯಾಲೆ ಕೆಳಗ ಆದಾಗ ಆ ಎಣ್ಣಿ ಸಣ್ಣ ಸಣ್ಣ ತೂತಿನಾಗ ಹಾಯ್ದು ಹೋಗಬೇಕು. ಚಕ್ಕಲಿ ಒರಳಿನ್ಯಾಗ ಗಟ್ಟಿ ಹಿಟ್ಟು ಹಾಕಿ ಒತ್ತುವಾಗ ರಟ್ಟಿಗೆ ಎಷ್ಟು ಜೋರು ಬೀಳ್ತದ ಅಂತ ನಮಗ ಯಾರೂ ಹೇಳಬೇಕಾಗಿಲ್ಲ. ಅದ ಲೆಕ್ಕ. ಕುಣಿತದ ಜೋರೆಲ್ಲಾ ಎಣ್ಣಿ ಒಳಗ ಬಿಸಿಯಾಗಿ ಕರಗಿ ಹೋಗ್ತದ. ಮಜಾ ಅಂದ್ರ ಹೆಸರು ಉಲ್ಟಾ ಬಿದ್ದದ. ಧಕ್ಕಿ ನುಂಗೋದು ಸ್ಪ್ರಿಂಗು, 'ಧಕ್ಕಿ ನುಂಗೋದು' ಅನ್ನೋ ಹೆಸರು ಮಾತ್ರ ಶಾಕಪ್ಪಿಗೆ.

ನಮ್ಮ ಎತ್ತಿನ ಗಾಡಿಗೆ ಈ ಎರಡರಾಗ ಒಂದೂ ಇರಲಿಲ್ಲ. ಅಚ್ಚಿನ ಮ್ಯಾಲೆ ನೇರ ಗಾಡಿ. ಒಳಗ ಹುಲ್ಲು ಹಾಸಿ, ಮ್ಯಾಲೆ ಕೌದಿ ಹಾಕಿ ಕೂತ್ರ ಅದ ನಮ್ಮ ಸ್ಪ್ರಿಂಗು. ಯುರೋಪಿನಾಗ ದೊಡ್ಡ ಮಂದಿಯ ಕುದುರಿ ಗಾಡಿಗೋಳನ್ನ ಚರ್ಮದ ಪಟ್ಟಿಗೆ ಇಳಿಬಿಡ್ತಿದ್ರು, ತೊಟ್ಟಲಾ ಕಟ್ಟಿಧಂಗ. 1804ರಾಗ ಲಂಡನ್ನಿನ ಒಬಡೈಯ ಎಲಿಯಟ್ ಅನ್ನೋ ಗಾಡಿ ಮಾಡೋ ಮನುಷ್ಯ ಉಕ್ಕಿನ ಪಟ್ಟಿ ಸ್ಪ್ರಿಂಗಿಗೆ ಪೇಟೆಂಟ್ ತಗೊಂಡ. ಬುಟ್ಟ್ಯಾಗ ರೊಟ್ಟಿ ಒಂದರ ಮ್ಯಾಲೊಂದು ಇಟ್ಟಂಗ ಉಕ್ಕಿನ ಪಟ್ಟಿ ಜೋಡಿಸಿ, ಕಮಾನಿನ ಹಂಗ ಬಗ್ಗಿಸಿ, ಎರಡು ಕಮಾನು ಎದುರಾಬದರಾ ಕೂಡಿಸಿದ್ದ. ಗಾಡಿ ಹಗರಾತು, ಮೆತ್ತಗೂ ಆತು. ನಮ್ಮ ಹುಬ್ಬಳ್ಳಿ-ಧಾರವಾಡದ ಟಾಂಗಾದ ಕೆಳಗ ಇರ್ತಿತ್ತಲ್ಲ ಪಟ್ಟಿ ಕಮಾನು, ಅದೂ ಇದ ವಂಶದ್ದು. ಇವತ್ತಿಗೂ ಲಾರಿ ಕೆಳಗ ಬಗ್ಗಿ ನೋಡಿದ್ರ ಅದ ಪಟ್ಟಿ ಕಾಣ್ತದ.

ಪಟ್ಟಿ ಸ್ಪ್ರಿಂಗಿನ ಒಂದು ಒಳ್ಳೆ ಗುಣ ಅಂದ್ರ, ಬಗ್ಗುವಾಗ ಪಟ್ಟಿಗೆ ಪಟ್ಟಿ ತಿಕ್ಕತದ. ಆ ತಿಕ್ಕಾಟದಿಂದ ಕುಣಿತ ತಾನ ಒಂದಷ್ಟು ಕಡಿಮಿ ಆಗ್ತದ. ಕುದುರಿ ಓಡೋ ವೇಗಕ್ಕ ಅಷ್ಟು ಸಾಕಾಗಿತ್ತು, ಶಾಕಪ್ಪಿನ ವಿಚಾರ ಯಾರಿಗೂ ಬರಲಿಲ್ಲ.

ಆಮ್ಯಾಲೆ ಮೋಟಾರು ಬಂತು. ಇಲ್ಲೆ ಒಂದು ಹೆಣಮಗಳ ಹೆಸರು ಹೇಳದ ಮುಂದ ಹೋಗಬಾರದು. 1888ರ ಆಗಸ್ಟಿನಾಗ ಜರ್ಮನಿಯ ಬೆರ್ತಾ ಬೆಂಝ್ ಗಂಡಗ ಹೇಳದ, ಇಬ್ಬರು ಗಂಡಸು ಮಕ್ಕಳನ್ನ ಕೂಡಿಸ್ಕೊಂಡು, ಗಂಡ ಮಾಡಿದ ಮೂರು ಗಾಲಿ ಮೋಟಾರ್ ಗಾಡಿ ತಗೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತೌರಮನಿಗೆ ಹೋದ್ಲು. ನೂರು ಕಿಲೋಮೀಟರಿನ ಮ್ಯಾಲೆ ದಾರಿ. ಎಣ್ಣಿ ಕೊಳವಿ ಕಟ್ಟಿದ್ರ ಟೊಪ್ಪಿಗಿಗೆ ಚುಚ್ಚೋ ಸೂಜಿಲೆ ಬಿಡಿಸಿದ್ಲು. ಬ್ರೇಕಿನ ಕಟ್ಟಿಗಿ ಸವದಾಗ ದಾರ್ಯಾಗ ಚಮ್ಮಾರನ ಕಡೆ ಹೋಗಿ ಚರ್ಮ ಹೊಡಿಸಿದ್ಲು. ಜಗತ್ತಿನಾಗ ಮೊದಲ ದೂರದ ಮೋಟಾರ್ ಪ್ರಯಾಣ ಅಂತ ಅದನ್ನ ಕರೀತಾರ. ಗಾಡಿಯನ್ನ ಮಂದಿ ಮುಟ್ಟಿ, ಬಿಚ್ಚಿ, ತಮ್ಮ ಕೈಲೆ ಸರಿ ಮಾಡ್ಕೋಬೋದು ಅಂತ ಮೊದಲ ದಿನಾನ ತೋರಿಸಿದಾಕಿ ಒಬ್ಬ ಗೃಹಿಣಿ.

ಮೋಟಾರಿನ ವೇಗ ಏರಿದಂಗ ಪಟ್ಟಿ ಸ್ಪ್ರಿಂಗಿನ ತಿಕ್ಕಾಟ ಸಾಲದಾತು. ಜೋರಾಗಿ ಹೋಗೋ ಗಾಡಿ ತೆಗ್ಗಿಗೆ ಬಿದ್ರ ಗಾಲಿ ನೆಲಾ ಬಿಟ್ಟು ಜಿಗೀತಿತ್ತು. ಗಾಲಿ ನೆಲದ ಮ್ಯಾಲೆ ಇಲ್ಲಂದ್ರ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಹಿಂಗಾಗಿ ಶಾಕಪ್ ಸುಖದ ಸಾಮಾನು ಅಂತ ತಿಳ್ಕೋಬ್ಯಾಡ್ರಿ, ಅದು ಬ್ರೇಕಿನ ಅಣ್ಣ. ಫ್ರಾನ್ಸಿನ ಟ್ರೂಫೋ ಅನ್ನಾಂವ ಇದಕ್ಕೊಂದು ಉಪಾಯ ಮಾಡಿದ. ಕತ್ತರಿ ಹಂಗ ಎರಡು ಕೈ, ನಡುವ ಚರ್ಮದ ಬಿಲ್ಲಿ, ಅದನ್ನ ಹಿಡಿಯೋ ಒಂದು ಬೋಲ್ಟು. ಬೋಲ್ಟು ಬಿಗಿ ಮಾಡಿದಷ್ಟು ಕೈ ಬಿಗಿಯಾಗಿ ಆಡ್ತಾವ. ಹಳೇ ಕತ್ತರಿ ಬಿಗಿಯಾದಾಗ ಬಟ್ಟಿ ಕತ್ತರಸಲಿಕ್ಕೆ ಹೆಂಗ ಜೋರು ಬೇಕಾಗ್ತದೋ ಹಂಗ. ಇದನ್ನ ಎಡ್ವರ್ಡ್ ಹಾರ್ಟ್‌ಫರ್ಡ್ ಅನ್ನಾಂವ ಅಮೆರಿಕಕ್ಕ ಒಯ್ದು, 1904ರ ಸುಮಾರಿಗೆ ಬಿಡಿ ಸಾಮಾನಾಗಿ ಮಾರಲಿಕ್ಕೆ ಸುರು ಮಾಡಿದ. ಕ್ಲೀವ್‌ಲ್ಯಾಂಡ್ ಊರಿನ ಕ್ಲಾಡ್ ಫಾಸ್ಟರ್ 'ಗೇಬ್ರಿಯಲ್ ಸ್ನಬರ್' ಅಂತ ಇನ್ನೊಂದು ತಂದ. ಅದು ಸುತ್ತಿಟ್ಟ ಬೆಲ್ಟು. ಗಾಡಿ ಕೆಳಗ ಕುಕ್ಕರಸಿದಾಗ ಬೆಲ್ಟು ಸಡಲ ಬಿಡ್ತದ, ಮ್ಯಾಲೆ ಜಿಗೀಲಿಕ್ಕೆ ಹೋದಾಗ ಹಿಡದು ಜಗ್ಗತದ. ಕರು ಓಡಲಿಕ್ಕೆ ಹೋದ್ರ ಹಗ್ಗಾ ಹಿಡದು ಜಗ್ಗಿಧಂಗ.

ಇವೆಲ್ಲಾ ಕಂಪನಿ ಗಾಡಿ ಜೋಡಿ ಬರ್ತಿದ್ದಿಲ್ಲ ಅನ್ನೋದು ಮುಖ್ಯ. 1908ರಾಗ ಹೆನ್ರಿ ಫೋರ್ಡನ ಮಾಡೆಲ್ ಟಿ ಗಾಡಿ ಬಂತು. ಆಗ 850 ಡಾಲರ್ ಸುಮಾರು ಇದ್ದ ಬೆಲಿ, 1925ರ ಹೊತ್ತಿಗೆ ಎಲ್ಲಕ್ಕಿಂತ ಸೋವಿ ಮಾಡೆಲ್ಲಿಗೆ 260 ಡಾಲರಿಗೆ ಇಳೀತು. 1927ರಾಗ ನಿಲ್ಲಸೋದ್ರೊಳಗ ಒಂದೂವರಿ ಕೋಟಿ ಗಾಡಿ ಹೊರಗ ಬಂದ್ವು. ಮುಂದ ಒಂದು, ಹಿಂದ ಒಂದು ಅಡ್ಡ ಪಟ್ಟಿ ಸ್ಪ್ರಿಂಗು. ಶಾಕಪ್ ಇಲ್ಲ! ಬೆಲಿ ಇಳಸಬೇಕಂದ್ರ ಬಿಡಬೋದಾದ್ದನ್ನೆಲ್ಲಾ ಬಿಟ್ಟಿದ್ರು. ಆವಾಗಿನ ಅಮೆರಿಕದ ರಸ್ತೆ ಬಗ್ಗೆ ತಿಳೀಬೇಕಂದ್ರ ಆಲಿಸ್ ರಾಮ್ಸೆ ಕಥಿ ಕೇಳ್ರಿ. 1909ರಾಗ 22 ವರ್ಷದ ಈ ಗೃಹಿಣಿ, ಒಂದು ಕೂಸಿನ ತಾಯಿ, ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋತನಕ ಮ್ಯಾಕ್ಸ್‌ವೆಲ್ ಕಂಪನಿ ಗಾಡಿ ಓಡಿಸಿದ್ಲು. ಆರು ಸಾವಿರ ಕಿಲೋಮೀಟರ್, 59 ದಿನ. ಜೋಡಿ ಗಂಡನ ಅಕ್ಕತಂಗ್ಯಾರು ಇಬ್ಬರು, ಗೆಳತಿ ಒಬ್ಬಾಕಿ. ಮೂವರಿಗೂ ಗಾಡಿ ಬರ್ತಿದ್ದಿಲ್ಲ. ಹಾದ್ಯಾಗ ಈಕಿ 11 ಟೈರು ಬದಲಿ ಮಾಡಿದ್ಲು, ಸ್ಪಾರ್ಕ್ ಪ್ಲಗ್ ತಿಕ್ಕಿ ಹಚ್ಚಿದ್ಲು. ಅಷ್ಟು ದೂರದಾಗ ಗಟ್ಟಿ ರಸ್ತೆ ಅನ್ನೋದು ಹುಡುಕಿದ್ರ ಸಿಗ್ತಿತ್ತು, ಉಳಿದದ್ದೆಲ್ಲಾ ಕೆಸರು, ಕಲ್ಲು, ಗಾಡಿ ದಾರಿ.

ಇಂಥಾ ದಾರ್ಯಾಗ ಶಾಕಪ್ ಇಲ್ಲದ ಗಾಡಿ ಹೊಡದ ರೈತರು ಏನ ಮಾಡ್ಯಾರು? ತಾವ ಕೊಂಡು ತಂದು ಹಚ್ಚಿದ್ರು. ಮಾಡೆಲ್ ಟಿ ಸಲುವಾಗಿ ಬಿಡಿ ಸಾಮಾನು ಮಾರೋದು ಒಂದು ದೊಡ್ಡ ಧಂದೇನ ಆತು. ಇಂಡಿಯಾನಾಪೊಲಿಸ್ ಊರಿನ ಹ್ಯಾಸ್ಲರ್ ಅನ್ನೋ ಕಂಪನಿ ಫೋರ್ಡ್ ಗಾಡಿಗೆ ಹಚ್ಚೋ ಸುರುಳಿ ಸ್ಪ್ರಿಂಗಿನ ಜೋಡಿ ಮಾರಿ ಹೆಸರು ಮಾಡ್ತು. ಕೊಟಗ್ಯಾಗ ಗಾಡಿ ನಿಲ್ಲಿಸಿ, ಎರಡು ಪಾನಾ ಒಂದು ಜಾಕ್ ಇಟ್ಕೊಂಡು ಮಧ್ಯಾಹ್ನದಾಗ ಮುಗಿಸೋ ಕೆಲಸ. ನೇಗಿಲಾ, ರಾಶಿ ಯಂತ್ರ ತಾವ ರಿಪೇರಿ ಮಾಡ್ಕೊಳ್ಳೋ ರೈತರಿಗೆ ಇದೇನು ಭಾರೀ ಅನಸಲಿಲ್ಲ. ಮಿಷಿಗನ್ನಿನ ಮನ್ರೋ ಊರಿನಾಗ 1916ರಾಗ ಟೈರಿಗೆ ಗಾಳಿ ಹೊಡಿಯೋ ಪಂಪು ಮಾಡ್ತಿದ್ದ ಒಂದು ಸಣ್ಣ ಕಾರಖಾನಿ 1926ಕ್ಕ ಶಾಕಪ್ ಮಾಡಲಿಕ್ಕೆ ಹತ್ತಿತು. ಅದ ಇವತ್ತಿನ ಮನ್ರೋ ಕಂಪನಿ.

ಕಡೀಕೆ ಫೋರ್ಡಗೂ ತಿಳೀತು. ಡಿಸೆಂಬರ್ 1927ರಾಗ ಮಾಡೆಲ್ ಎ ಬಂದಾಗ ನಾಲ್ಕೂ ಗಾಲಿಗೆ ಎಣ್ಣಿ ತುಂಬಿದ ಹುಡಾಯ್ ಶಾಕಪ್ ಕಂಪನೀನ ಹಚ್ಚಿ ಕೊಡ್ತು. ಇಪ್ಪತ್ತು ವರ್ಷ ಮಂದಿ ತಮ್ಮ ಅಂಗಳದಾಗ, ತಮ್ಮ ರೊಕ್ಕದಾಗ ಹಾಕ್ಕೊಂಡದ್ದನ್ನ ಕಾರಖಾನಿ ಒಪ್ಪಿಕೊಂಡಿದ್ದು ಆವತ್ತು.

ಈ ಮನಿ ರಿಪೇರಿ ಪದ್ಧತಿಗೆ ಬ್ರಿಟನ್ನಿನಾಗ ಪುಸ್ತಕಾನ ಬಂತು. ಜಾನ್ ಹೇನ್ಸ್ ಅನ್ನೋ ವಾಯುಪಡೆ ಅಧಿಕಾರಿ 1965ರಾಗ ಏಡನ್ನಿನಾಗ ಕೆಲಸಕ್ಕಿದ್ದ. ಗೆಳ್ಯಾನ ಹಳೇ ಸ್ಪ್ರೈಟ್ ಕಾರು ಬಿಚ್ಚಿ ಕಟ್ಟಲಿಕ್ಕೆ ಹೋದ್ರ ಕಂಪನಿ ಕೊಟ್ಟ ಪುಸ್ತಕ ತಿಳೀಲೇ ಇಲ್ಲ. ಆವಾಗ ಒಂದೊಂದು ಭಾಗ ಬಿಚ್ಚಿದಂಗ ಫೋಟೋ ತಗದು, ಏನು ಮೊದಲ ಏನು ಆಮ್ಯಾಲೆ ಅಂತ ಬರದ. 1966ರಾಗ ಅದು ಪುಸ್ತಕಾ ಆತು. ನಾವು ಅಡಗಿ ಪುಸ್ತಕದಾಗ "ಮೊದಲ ಒಗ್ಗರಣಿ, ಆಮ್ಯಾಲೆ ಉಳ್ಳಾಗಡ್ಡಿ" ಅಂತ ಓದ್ತೀವಲ್ಲ, ಅದ ನಮೂನಿ. ಮುಂದ ಒಂದೊಂದು ಗಾಡಿಗೊಂದು ಹೇನ್ಸ್ ಪುಸ್ತಕ ಅನ್ನೋಹಂಗಾತು. ಈಗಿನ ಹುಡುಗ್ರು ವಿಡಿಯೋ ನೋಡ್ತಾರ, ಅದರ ಮುತ್ಯಾ ಈ ಪುಸ್ತಕ.

ಆದ್ರ ಅಷ್ಟೊತ್ತಿಗೆ ಗಾಡಿ ಕೆಳಗ ಒಂದು ದೊಡ್ಡ ಬದಲಾವಣಿ ಆಗಿಬಿಟ್ಟಿತ್ತು. ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಅಮೆರಿಕದ ಇಂಜಿನಿಯರ್ ಮೊದಲ ಶೆವ್ರೊಲೆಗೆ ಒಂದು ಸಣ್ಣ ಕಾರು ತಯಾರ ಮಾಡ್ತಿದ್ದ. 1947ರಾಗ ಆ ಕಾರು ಬ್ಯಾಡ ಅಂತ ಕಂಪನಿ ಕೈ ಬಿಡ್ತು. ಆಂವ ಫೋರ್ಡಿಗೆ ಹೋದ. ಅವನ ವಿಚಾರದ ಮುಂಗಾಲಿ ಕಟ್ಟೋಣ 1950ರಾಗ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫಿರ್ ಗಾಡಿಗೋಳಿಗೆ ಬಂತು. ವಿಚಾರ ಭಾಳ ಸರಳ. ಶಾಕಪ್ಪನ್ನ ನಟ್ಟಗ ನಿಲ್ಲಿಸೋದು, ಅದರ ಸುತ್ತ ಸುರುಳಿ ಸ್ಪ್ರಿಂಗು ಹಾಕೋದು, ಮ್ಯಾಲೊಂದು ಮುಚ್ಚಳಾ ಇಟ್ಟು ಒಂದು ನಟ್ಟಿಲೆ ಬಿಗಿಯೋದು. ಶಾಕಪ್ಪ ಗಾಲಿ ಹಿಡಿಯೋ ಕಂಬಾನೂ ಆತು. ಇದಕ್ಕ ಸ್ಟ್ರಟ್ ಅಂತಾರ. ಸಾಮಾನು ಕಡಿಮಿ, ಜಾಗಾ ಕಡಿಮಿ, ಖರ್ಚೂ ಕಡಿಮಿ. ಎಂಜಿನ್ ಅಡ್ಡಡ್ಡ ಕೂಡಿಸೋ ಸಣ್ಣ ಕಾರಿಗೆ ಹೇಳಿ ಮಾಡಿಸಿಧಂಗಾತು. ಇವತ್ತು ನಮ್ಮ ಓಣ್ಯಾಗ ನಿಂತ ಸಣ್ಣ ಕಾರುಗೋಳ ಮುಂದಿನ ಗಾಲಿ ನೋಡ್ರಿ, ಹೆಚ್ಚೂಕಡಿಮಿ ಎಲ್ಲಾ ಇದ.

ನಮ್ಮ ದೇಶದಾಗ ಈ ತಿರುವು ಬಂದದ್ದು ಮಾರುತಿ ಜೋಡಿ. ಅದಕ್ಕಿಂತ ಮೊದಲ ಅಂಬಾಸಿಡರ್, ಫಿಯಾಟ್ ಎರಡಕ್ಕೂ ಹಿಂದಿನ ಗಾಲಿಗೆ ಪಟ್ಟಿ ಸ್ಪ್ರಿಂಗ ಇತ್ತು, ಮುಂದಿನದ್ದೂ ಹಳೇ ನಮೂನಿ. ಮುರದ ಪಟ್ಟಿ ಬದಲಿ ಮಾಡೋದು, ಶಾಕಪ್ ಬಿಚ್ಚೋದು ಗಿಡದ ಬುಡಕ ಗಾಡಿ ನಿಲ್ಲಿಸಿ ಮಾಡೋ ಕೆಲಸ ಆಗಿತ್ತು. ಡಿಸೆಂಬರ್ 1983ರಾಗ ಬಂದ ಮಾರುತಿ 800ರ ಮುಂದಿನ ಗಾಲಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇತ್ತು. ಇನ್ನ ಆ ಕ್ಲೀವ್‌ಲ್ಯಾಂಡಿನ ಫಾಸ್ಟರನ 'ಗೇಬ್ರಿಯಲ್' ಹೆಸರು 1961ರಾಗ ಗೇಬ್ರಿಯಲ್ ಇಂಡಿಯಾ ಅಂತ ಮುಂಬೈಗೆ ಬಂತು. ನಿಮ್ಮ ಮನಿ ಸ್ಕೂಟರಿನ ಶಾಕಪ್ ಮ್ಯಾಲೂ ಆ ಹೆಸರು ಇದ್ರ ಇರಬೋದು, ಒಮ್ಮೆ ನೋಡ್ರಿ.

ಈಗ ಅಸಲ ಮಾತಿಗೆ ಬರ್ತೀನಿ. ಪಟ್ಟಿ ಸ್ಪ್ರಿಂಗಿನ ಗಾಡಿಗೆ ಶಾಕಪ್ ಬ್ಯಾರೆ, ಸ್ಪ್ರಿಂಗು ಬ್ಯಾರೆ. ಶಾಕಪ್ಪಿನ ಎರಡು ಬೋಲ್ಟು ಬಿಚ್ಚಿದ್ರ ಅದು ಕೈಗೆ ಬರ್ತದ, ಸ್ಪ್ರಿಂಗಿಗೆ ಏನೂ ಆಗೂದಿಲ್ಲ. ಸ್ಟ್ರಟ್ಟಿನಾಗ ಹಂಗಲ್ಲ. ಒಳಗಿನ ಶಾಕಪ್ ಬದಲಿ ಮಾಡಬೇಕಂದ್ರ ಮ್ಯಾಲಿನ ಸ್ಪ್ರಿಂಗು ತಗೀಬೇಕು. ಆ ಸ್ಪ್ರಿಂಗು ಒಳಗ ಒತ್ತಿ ಕೂಡಿಸಿದ್ದು ಇರ್ತದ.

ಎಷ್ಟು ಒತ್ತಡ ಅಂತ ನಮ್ಮ ಲೆಕ್ಕದಾಗ ನೋಡೋಣು. ಸಣ್ಣ ಕಾರು, ಒಳಗ ಮಂದಿ ಕೂತ್ರ ಒಂದು ಟನ್ನಿನ ಆಜುಬಾಜು, ಅಂದ್ರ ಹತ್ತು ಕ್ವಿಂಟಲ್. ನಾಲ್ಕು ಗಾಲಿಗೆ ಹಂಚಿದ್ರ ಒಂದಕ್ಕ ಎರಡೂವರಿ ಕ್ವಿಂಟಲ್. ಒಂದು ಕ್ವಿಂಟಲ್ಲಿನ ಜ್ವಾಳದ ಚೀಲ ಎರಡೂವರಿ ಒಂದ ಸ್ಪ್ರಿಂಗಿನ ಮ್ಯಾಲೆ ಹೇರಿಧಂಗ. ಗಾಡಿ ಜಾಕಿಲೆ ಎತ್ತಿ ಗಾಲಿ ಇಳಿಬಿದ್ದಾಗ ಈ ಭಾರ ಕಡಿಮಿ ಆಗ್ತದ ಖರೆ, ಆದ್ರ ಸ್ಪ್ರಿಂಗು ಪೂರಾ ಸಡಲ ಆಗೂದಿಲ್ಲ. ಸ್ಟ್ರಟ್ ಪೂರಾ ಬಿಚ್ಚಿ ನೆಲದ ಮ್ಯಾಲೆ ಇಟ್ರೂ ಒಳಗ ಒತ್ತಡ ಹಂಗ ಇರ್ತದ. ಅದನ್ನ ಹಿಡದಿರೋದು ಮ್ಯಾಲಿನ ನಡುವಿನ ಒಂದ ನಟ್ಟು. ಗೊತ್ತಿಲ್ಲದ ಆ ನಟ್ಟು ಬಿಚ್ಚಿದ್ರ ಮುಚ್ಚಳಾ, ಸ್ಪ್ರಿಂಗು ಗುಂಡು ಹಾರಿಧಂಗ ಹಾರ್ತಾವ. ಹಬಿ ಪೂರಾ ಹೋಗೋದಕ್ಕಿಂತ ಮೊದಲ ಕುಕ್ಕರಿನ ಮುಚ್ಚಳಾ ತಗೀಬಾರದು ಅಂತ ಸಣ್ಣ ಹುಡುಗೀಗೂ ನಾವು ಕಲಸಿರ್ತೀವಿ. ಕುಕ್ಕರಿನ ಹಬಿ ತಡದ್ರ ತಾನ ಇಳೀತದ. ಸ್ಪ್ರಿಂಗು ಹತ್ತು ವರ್ಷ ಇಟ್ರೂ ಇಳಿಯೂದಿಲ್ಲ.

ಇದಕ್ಕ ಸ್ಪ್ರಿಂಗ್ ಕಂಪ್ರೆಸರ್ ಅಂತ ಒಂದು ಹತ್ಯಾರ ಅದ. ಎರಡು ಉದ್ದನ್ನ ಸ್ಕ್ರೂ, ಎರಡೂ ಕಡೆ ಕೊಕ್ಕಿ. ಸ್ಪ್ರಿಂಗಿನ ಎದುರಾಬದರಾ ಎರಡೂ ಕಡೆ ಹಚ್ಚಿ, ಈ ಕಡೆ ಒಂದೆರಡು ಸುತ್ತು, ಆ ಕಡೆ ಒಂದೆರಡು ಸುತ್ತು ಅಂತ ಸಮಾ ತಿರಗಿಸ್ತ ಹೋಗಬೇಕು. ಒಂದ ಕಡೆ ಜಾಸ್ತಿ ತಿರಗಿಸಿದ್ರ ಸ್ಪ್ರಿಂಗು ಬಿಲ್ಲಿನ ಹಂಗ ಬಗ್ಗಿ ಕೊಕ್ಕಿ ಜಾರ್ತದ. ಸ್ಪ್ರಿಂಗು ಕೂತಲ್ಲೆ ಸಡಲ ಆಗಿ ಕೈಲೆ ಅಲುಗಾಡಸಲಿಕ್ಕೆ ಬಂದ ಮ್ಯಾಲೇನ ನಡುವಿನ ನಟ್ಟಿಗೆ ಪಾನಾ ಹಚ್ಚೋದು. ಗ್ಯಾರೇಜಿನವ್ರ ಕಡೆ ಇದಕ್ಕಂತ ಗ್ವಾಡಿಗೆ ಇಲ್ಲಾ ನೆಲಕ್ಕ ಕೂಡಿಸಿದ ಗಟ್ಟಿ ಯಂತ್ರ ಇರ್ತದ. ಹುಡುಗ್ರು ಸೋವಿ ಸಿಗ್ತದ ಅಂತ ಹಗರ ಹತ್ಯಾರ ತರಸ್ತಾರ, ಇಲ್ಲಾ ತಂತಿಲೆ ಕಟ್ತೀನಿ ಅಂತಾರ. ಅಲ್ಲೆ ನಾವು ಹುಷಾರಪಾ ಅನ್ನೋದಲ್ಲ, ಬ್ಯಾಡ ಅನ್ನಬೇಕು.

ಹಂಗಾರ ಮನ್ಯಾಗ ಮಾಡೂದ ಬ್ಯಾಡೇನು? ಹಂಗ ಅಂದ್ರ ಇಷ್ಟು ಇತಿಹಾಸ ಹೇಳಿದ್ದು ಸುಳ್ಳಾಗ್ತದ. ಕೆಲಸ ಎರಡು ಪಾಲು ಮಾಡ್ಕೊಂಡ್ರ ಅಂಗಳದ ಪಾಲು ಅಂಗಳದಾಗ ಆಗ್ತದ. ಸ್ಪ್ರಿಂಗು, ಮುಚ್ಚಳಾ ಎಲ್ಲಾ ಕೂಡಿಸೇ ಬರೋ ತಯಾರ ಸ್ಟ್ರಟ್ ಕೆಲವು ಗಾಡಿಗೆ ಸಿಗ್ತಾವ. ಸಿಗಲಿಲ್ಲಂದ್ರ ಸ್ಟ್ರಟ್ ಬಿಚ್ಚಿ ತಗದು, ಹೊಸಾ ಸಾಮಾನಿನ ಜೋಡಿ ಗ್ಯಾರೇಜಿಗೆ ಒಯ್ದು, ಸ್ಪ್ರಿಂಗು ಬದಲಿ ಮಾಡೋ ಅಷ್ಟು ಕೆಲಸ ಅಲ್ಲೆ ಮಾಡಿಸ್ಕೊಂಡು ಬಂದು, ತಿರುಗಿ ಅಂಗಳದಾಗ ಹಚ್ಚಬೋದು.

ಬಿಚ್ಚೋ ಕ್ರಮ ಹಿಂಗದ. ಗಾಡಿ ಸಮಾ, ಗಟ್ಟಿ ನೆಲದ ಮ್ಯಾಲೆ ಇರಬೇಕು, ಕೈಬ್ರೇಕ್ ಹಾಕಿ ಎದುರಿನ ಗಾಲಿಗೆ ಕಲ್ಲು ಕೊಡಬೇಕು. ಗಾಲಿ ನಟ್ಟು ಗಾಡಿ ನೆಲದ ಮ್ಯಾಲೆ ಇದ್ದಾಗ ಸಡಲ ಮಾಡೋದು, ಆಮ್ಯಾಲೆ ಜಾಕ್ ಎತ್ತೋದು. ಜಾಕ್ ಇರೋದು ಎತ್ತಲಿಕ್ಕೆ, ಹೊತ್ಕೊಂಡು ನಿಲ್ಲಲಿಕ್ಕೆ ಅಲ್ಲ. ಎತ್ತಿದ ಕೂಡ್ಲೆ ಗಾಡಿ ಕೆಳಗ ಮೂರು ಇಲ್ಲಾ ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಇಡಬೇಕು. ಇಟ್ಟಂಗಿ ಇಡೋದು ಬ್ಯಾಡ, ಇಟ್ಟಂಗಿ ಹೇಳದ ಕೇಳದ ಸೀಳ್ತಾವ. ಗಾಲಿ ತಗದು, ಬ್ರೇಕಿನ ರಬ್ಬರ್ ಕೊಳವಿ, ವೈರು ಸ್ಟ್ರಟ್ಟಿನಿಂದ ಬಿಡಿಸಿ ಬದಿಗಿ ಕಟ್ಟಬೇಕು. ಬ್ರೇಕು ಅದರ ಕೊಳವಿಗೆ ಜೋತು ಬೀಳಬಾರದು. ಕೆಳಗಿನ ಎರಡು ದೊಡ್ಡ ಬೋಲ್ಟು ಬಿಚ್ಚೋದು, ಬಾನೆಟ್ ಒಳಗ ಮ್ಯಾಲಿನ ಸುತ್ತಿನ ಸಣ್ಣ ನಟ್ಟುಗೋಳು ಬಿಚ್ಚೋದು. ಸುತ್ತಿನವು ಅಷ್ಟ. ನಡುವಿನದು ಮುಟ್ಟಬಾರದು. ಈ ಒಂದು ಮಾತು ನೆನಪಿಟ್ಟು ಹುಡುಗಗ ಎರಡು ಸಲ ಹೇಳ್ರಿ. ಎರಡೂ ಕಡೆ ಕೂಡೇ ಬದಲಿ ಮಾಡಬೇಕು. ಒಂದು ಕಡೆ ಹೊಸಾದು, ಒಂದು ಕಡೆ ಹಳೇದು ಇದ್ರ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೀತದ. ಎಲ್ಲಾ ಹಚ್ಚಿದ ಮ್ಯಾಲೆ ಗಾಲಿ ಅಲೈನ್ಮೆಂಟ್ ಮಾಡಸೋದು ತಪ್ಪಸಬಾರದು, ಇಲ್ಲಂದ್ರ ಹೊಸಾ ಟೈರು ಒಂದ ಬದಿಗೆ ಸವೀತದ.

ಇನ್ನೊಂದು ಕೇಳಬೇಕಾದ ಪ್ರಶ್ನೆ: ಯಾಕ ಹಾಕ್ತಾನ? ಹಳೇದು ಎಣ್ಣಿ ಸೋರ್ಲಿಕತ್ತಿದ್ರ, ಗಾಡಿ ಒಮ್ಮೆ ಒತ್ತಿ ಬಿಟ್ರ ಎರಡು ಮೂರು ಸಲ ಕುಣಿದ್ರ ಬದಲಿ ಮಾಡೋದು ಬೇಕ ಬೇಕು. ಚಂದ ಕಾಣಲಿ, ಬಿಗಿ ಇರಲಿ, ಗಾಡಿ ಎತ್ತರ ಆಗಲಿ ಅಂತ ಹಾಕೋದು ಬ್ಯಾರೆ. ನಮ್ಮ ತಂಗಿ ಮಗಾ ಹಿಂಗ ಬಿಗಿ ಸ್ಪ್ರಿಂಗು ಹಾಕಿಸಿದ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹೋಗಿ ಬರೋದ್ರಾಗ ಹಿಂದ ಕೂತ ಅವರವ್ವ ಸೊಂಟಾ ಹಿಡಕೊಂಡು ಇಳದ್ಲು. "ಈಗ ಗಾಡಿ ತಿರುವಿನಾಗ ಒಂಚೂರೂ ವಾಲೂದಿಲ್ಲ ಮೌಶಿ" ಅಂತ ಆಂವ ನನಗ ಹೇಳ್ಯಾನ. ವಾಲೂದಿಲ್ಲ ಖರೆ. ಮುಂದ ಸ್ಟೇರಿಂಗ್ ಹಿಡದಾಂವಗ ಅದು ಸುಖ, ಹಿಂದ ಕೂತಾಕಿಗೆ ಅದು ಧಕ್ಕಿ.

ಇದಕ್ಕ ಉತ್ತರ ಫ್ರಾನ್ಸಿನ ಒಂದು ಗಾಡ್ಯಾಗ ಅದ. 1930ರ ದಶಕದಾಗ ಸಿಟ್ರೊಯೆನ್ ಕಂಪನಿಯ ಬುಲಾಂಜೆ ಅನ್ನೋ ಮುಖ್ಯಸ್ಥ ಹಳ್ಳಿ ಮಂದಿಗೆ ಒಂದು ಸೋವಿ ಗಾಡಿ ಮಾಡ್ರಿ ಅಂತ ಇಂಜಿನಿಯರಗೋಳಿಗೆ ಹೇಳಿದ. ಇಬ್ಬರು ರೈತರು, 50 ಕೇಜಿ ಬಟಾಟಿ ಹೊರಬೇಕು. ನೇಗಿಲಾ ಹೊಡದ ಹೊಲದಾಗ ತತ್ತಿ ಬುಟ್ಟಿ ಇಟ್ಕೊಂಡು ಹೋದ್ರೂ ಒಂದು ತತ್ತೀನೂ ಒಡೀಬಾರದು. ಯುದ್ಧ ಮುಗದು 1948ರಾಗ ಪ್ಯಾರಿಸ್ಸಿನ್ಯಾಗ ಆ 2ಸಿವಿ ಗಾಡಿ ತೋರಿಸಿದ್ರು. ಮಂದಿ ನಕ್ಕರಂತ, ತಗಡಿನ ಡಬ್ಬಿ ಅಂತ. 1990ರತನಕಾ ಅದು ಮಾರಾಟ ಆತು. ಗಾಡಿ ಯಾರಿಗಾಗಿ ಅನ್ನೋದು ಮೊದಲ ಕೇಳಿ ಆಮ್ಯಾಲೆ ಸ್ಪ್ರಿಂಗು ಮಾಡಿದ ಗಾಡಿ ಅದು. ನಮ್ಮ ಗಾಡ್ಯಾಗೂ ತತ್ತಿ ಬುಟ್ಟಿ ಇರ್ತಾವ. ಬಸುರಿ ಮಗಳು, ಮಣಕಾಲು ನೋಯೋ ಅತ್ತಿ, ಮೂರು ತಿಂಗಳ ಕೂಸು.

ಕಾಯ್ದೆ ಮಾತೂ ಅದ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕ ಬ್ಯಾರೆ ಆಗೋಹಂಗ ಗಾಡಿ ಬದಲಾಯಿಸಬಾರದು. 2019ರ ಜನವರಿಯೊಳಗ ಸುಪ್ರೀಂ ಕೋರ್ಟೂ ಇದನ್ನ ಎತ್ತಿ ಹಿಡೀತು. ಸವದ ಶಾಕಪ್ ತಗದು ಅದ ಅಳತಿದು ಹಾಕೋದಕ್ಕ ಯಾರೂ ಏನೂ ಅನ್ನೂದಿಲ್ಲ. ಗಾಡಿ ಎತ್ತರ ಮಾಡೋ, ಗಿಡ್ಡ ಮಾಡೋ ಸ್ಪ್ರಿಂಗು ತರಸೋದಕ್ಕಿಂತ ಮೊದಲ ಆರ್‌ಟಿಒ ಕಚೇರಿ, ವಿಮಾ ಕಂಪನಿ ಎರಡೂ ಕಡೆ ಕೇಳಿರಬೇಕು.

ಮುಂದಿನ ಸಲ ಅಂಥಾ ಡಬ್ಬಿ ಮನಿಗೆ ಬಂದಾಗ ಈ ನಾಲ್ಕು ಮಾತು ಕೇಳ್ರಿ, ಸಾಕು. ಇದು ಸ್ಪ್ರಿಂಗು ಕೂಡಿಸಿದ್ದೋ, ಬಿಡಿದೋ? ಬಿಡಿದಾದ್ರ ಸ್ಪ್ರಿಂಗು ಯಾರು ಒತ್ತಿ ಹಾಕ್ತಾರ? ಜಾಕ್ ಬಿಟ್ಟು ಸ್ಟ್ಯಾಂಡ್ ಎಷ್ಟು ಅವ? ಗಾಡಿ ಕೆಳಗ ಇದ್ದಾಗ ಬಾಜೂಕ ಯಾರು ಇರ್ತಾರ? ನಾಲ್ಕಕ್ಕೂ ಉತ್ತರ ಸರಿ ಬಂದ್ರ ಚಹಾ ಕೊಟ್ಟು, ಅಲ್ಲೆ ಕಟ್ಟಿ ಮ್ಯಾಲೆ ಕೂತು ಕಾಳು ಹಸನ ಮಾಡ್ರಿ. ಕೆಲಸಾನೂ ಆಗ್ತದ, ಬಾಜೂಕ ಒಬ್ಬರು ಇದ್ದಂಗೂ ಆಗ್ತದ.